ಏಡನ್‌ನಿಂದ ಬಂದ ಕಾಲುದೀಪದ ಆರ್ಡರು

ಸುಮಾರು ಒಂಬೈನೂರು ವರ್ಷಗಳ ಹಿಂದೆ ಏಡನ್ ಬಂದರಿನ ವ್ಯಾಪಾರಿಯೊಬ್ಬ ನಮ್ಮ ಪಡುಗಡಲ ಕರೆಯ ಕಂಚುಗಾರರಿಂದ ಒಂದು ದೀಪ ಮಾಡಿಸಿಕೊಡಿ ಎಂದು ಪತ್ರ ಬರೆದ. ದೀಪದ ಕಂಬ ಎಂಟು ಮುಖದ್ದಾಗಿ, ದಪ್ಪಗೆ ಗಟ್ಟಿಯಾಗಿ ಇರಬೇಕು. ಬುಡ ಬಲವಾದ ಕಾಲುಗಳ ಮೇಲೆ ನಿಲ್ಲಬೇಕು. ಮೇಲಿನ ಹಣತೆಗೆ ಎರಡು ಬತ್ತಿ ಹಾಕಲು ಎರಡು ಮೂತಿ ಬೇಕು, ಅದನ್ನು ಕಂಬದ ಮೇಲೆ ಏರಿಸಲು ಇಳಿಸಲು ಬರಬೇಕು. ಬುಡ, ಕಂಬ, ಹಣತೆ ಮೂರೂ ಬಿಡಿಸಲು ಆಗುವಂತಿರಬೇಕು. ಕಾಲುಗಳನ್ನು ಸುರುಳಿ ಸುರುಳಿಯಾಗಿ ಮಾಡಲು ಸಾಧ್ಯವಿದ್ದರೆ ಹಾಗೆಯೇ ಮಾಡಲಿ, ಅದು ಇನ್ನೂ ಚೆಂದ ಎಂದೂ ಸೇರಿಸಿದ್ದಾನೆ. ಲೋಹವೂ ಅವನದೇ. ಒಡೆದುಹೋದ ಹಳೆಯ ಪಾತ್ರೆಗಳನ್ನು ತೂಕ ಹಾಕಿ ಹಡಗಿನಲ್ಲಿ ಕಳಿಸಿದ್ದ.

ಉಡುಪಿ, ಕಾಪು, ಕಾರ್ಕಳ ಕಡೆಯವರಿಗೆ ಇಂಥ ದೀಪವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬದ ಮುನ್ನಾದಿನ ದೇವರ ಕೋಣೆಯ ಕಾಲುದೀಪದ ಭಾಗಗಳನ್ನು ಕಳಚಿ, ಹುಣಸೆಹುಳಿ ಹಚ್ಚಿ ತಿಕ್ಕಿ, ತೊಳೆದು ಒರೆಸಿ ಮತ್ತೆ ಜೋಡಿಸುವ ಕೆಲಸ ಇಲ್ಲಿ ಎಷ್ಟೋ ಮನೆಗಳಲ್ಲಿ ಇಂದಿಗೂ ನಡೆಯುತ್ತದೆ. ಏಡನ್‌ನವನು ಕೇಳಿದ ದೀಪ ನಮ್ಮ ಕಾಲುದೀಪವೇ ಎಂದು ಹೇಳುವುದು ಅವಸರವಾದೀತು. ಆದರೆ ಕಂಬ, ಬುಡ, ಹಣತೆಗಳನ್ನು ಬೇರೆ ಬೇರೆ ಎರಕ ಹೊಯ್ದು ಕೂಡಿಸುವ ಕೆಲಸದಲ್ಲಿ ಈ ಕರಾವಳಿಯ ಕೈ ಪಳಗಿತ್ತು ಎಂಬುದು ಸಮುದ್ರದ ಆಚೆ ದಡಕ್ಕೂ ತಿಳಿದಿತ್ತು ಎಂಬುದಕ್ಕೆ ಈ ಪತ್ರ ಸಾಕ್ಷಿ.

ಮಧ್ಯಯುಗದ ಕಲೆ ಎಂದಾಗ ನಮಗೆ ಮೊದಲು ನೆನಪಾಗುವುದು ದೊಡ್ಡ ಕಲ್ಲಿನ ಕೆಲಸಗಳು. 1432ರಲ್ಲಿ ವೀರಪಾಂಡ್ಯ ಭೈರರಸ ಕಾರ್ಕಳದ ಬಂಡೆಯ ಮೇಲೆ ನಿಲ್ಲಿಸಿದ 42 ಅಡಿ ಎತ್ತರದ ಗೊಮ್ಮಟ, ಅದರ ಎದುರಿಗೆ 1586ರ ಚತುರ್ಮುಖ ಬಸದಿ, 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಇವುಗಳ ಬಗ್ಗೆ ಬರೆದಷ್ಟೂ ಇದೆ, ಬರೆಯಬೇಕಾದದ್ದೂ ಹೌದು. ಆದರೆ ಕಳೆದ ಎರಡು ಮೂರು ದಶಕಗಳಲ್ಲಿ ಜಗತ್ತಿನ ಕಲಾ ಇತಿಹಾಸಕಾರರ ಗಮನ ಇನ್ನೊಂದು ಕಡೆಗೂ ಹರಿದಿದೆ. ಗುಡಿ ಕಟ್ಟಿಸಿದ ಅರಸನ ಜತೆಗೆ ಗುಡಿಯೊಳಗೆ ಉರಿದ ದೀಪವನ್ನು, ಅದನ್ನು ಎರಕ ಹೊಯ್ದವನನ್ನು, ಅದರ ತಾಮ್ರ ಬಂದ ದಾರಿಯನ್ನು ಅವರು ಕೇಳುತ್ತಿದ್ದಾರೆ. ಒಂದು ವಸ್ತು ಯಾರ ಕೈಯಿಂದ ಯಾರ ಕೈಗೆ, ಯಾವ ಊರಿಂದ ಯಾವ ಊರಿಗೆ ಹೋಯಿತು, ಹೋದಲ್ಲಿ ಯಾವ ಕೆಲಸಕ್ಕೆ ಬಂತು ಎಂದು ಹುಡುಕಿ ಬರೆಯುವುದೇ ಈಗ ಒಂದು ಶಾಸ್ತ್ರವಾಗಿ ಬೆಳೆದಿದೆ. ಫಿನ್‌ಬಾರ್ ಬ್ಯಾರಿ ಫ್ಲಡ್ 2009ರಲ್ಲಿ ಪ್ರಕಟಿಸಿದ ‘ಆಬ್ಜೆಕ್ಟ್ಸ್ ಆಫ್ ಟ್ರಾನ್ಸ್‌ಲೇಶನ್’ ಉತ್ತರ ಭಾರತದ ಮಟ್ಟಿಗೆ ಈ ಕೆಲಸ ಮಾಡಿತು. ನಮ್ಮ ಕರಾವಳಿಯ ಮಟ್ಟಿಗೆ ಆ ಕೆಲಸ ಮಾಡಿದ ಪುಸ್ತಕ 2018ರಲ್ಲಿ ಬಂತು. ಎಲಿಜಬೆತ್ ಲ್ಯಾಂಬೋರ್ನ್ ಬರೆದ ಆ ಪುಸ್ತಕದ ಹೆಸರು ‘ಅಬ್ರಹಾಂಸ್ ಲಗೇಜ್’. ಒಬ್ಬ ವ್ಯಾಪಾರಿ ಊರಿಗೆ ಹೊರಟಾಗ ಬರೆದುಕೊಂಡ ಸಾಮಾನಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬರೆದ ಇತಿಹಾಸ ಅದು.

ಈ ಪಟ್ಟಿ, ಆ ದೀಪದ ಪತ್ರ ಎಲ್ಲ ಸಿಕ್ಕಿದ್ದು ಈಜಿಪ್ಟಿನಲ್ಲಿ. ಹಳೇ ಕೈರೋದ ಬೆನ್ ಎಜ್ರಾ ಯಹೂದಿ ಮಂದಿರದಲ್ಲಿ ಗೆನಿಜಾ ಎಂಬ ಒಂದು ಉಗ್ರಾಣವಿತ್ತು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದೆಂಬ ನಂಬಿಕೆಯಿಂದ ಅಲ್ಲಿನವರು ಧರ್ಮಗ್ರಂಥದ ಹಾಳೆಗಳ ಜತೆಗೆ ಲೆಕ್ಕದ ಚೀಟಿ, ಮದುವೆಯ ಕರಾರು, ವ್ಯಾಪಾರದ ಪತ್ರಗಳನ್ನೂ ಶತಮಾನಗಳ ಕಾಲ ಅದರೊಳಗೆ ಹಾಕುತ್ತ ಬಂದರು. ಒಣ ಹವೆಯಲ್ಲಿ ಅವು ಉಳಿದುಕೊಂಡವು. ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ 1896-97ರಲ್ಲಿ ಅವುಗಳ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ಅಲ್ಲಿರುವ ಚೂರುಗಳೇ ಸುಮಾರು 1,93,000. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬೀ ಭಾಷೆಯ ಈ ಪತ್ರಗಳಲ್ಲಿ ಭಾರತದ ವ್ಯಾಪಾರಕ್ಕೆ ಸೇರಿದವನ್ನು ಹೆಕ್ಕಿ ಓದಲು ಎಸ್. ಡಿ. ಗೊಯಿಟೈನ್ ತಮ್ಮ ಜೀವನದ ಬಹುಭಾಗವನ್ನು ಕೊಟ್ಟರು. 1985ರಲ್ಲಿ ಅವರು ತೀರಿಕೊಂಡ ಮೇಲೆ ಮೊರ್ದೆಖಾಯ್ ಫ್ರೀಡ್‌ಮನ್ ಆ ಕೆಲಸ ಮುಂದುವರಿಸಿದರು. 2008ರಲ್ಲಿ ಆ ಪತ್ರಗಳ ದೊಡ್ಡ ಇಂಗ್ಲಿಷ್ ಸಂಪುಟ ಹೊರಬಂತು.

ಅದರಲ್ಲಿ ನಮಗೆ ಮುಖ್ಯನಾದವನು ಅಬ್ರಹಾಂ ಬೆನ್ ಯಿಜು. ದೀಪದ ಪತ್ರ ಬಂದದ್ದು ಅವನಿಗೆ, ಸಾಮಾನಿನ ಪಟ್ಟಿ ಬರೆದವನೂ ಅವನೇ. ಈಗಿನ ಟ್ಯುನೀಶಿಯಾದ ಮಹದಿಯಾ ಊರಿನವನು. ಈಜಿಪ್ಟ್, ಏಡನ್ ದಾಟಿ ಮಂಗಳೂರಿಗೆ ಬಂದವನು ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲೇ ಇದ್ದು 1149ರ ಹೊತ್ತಿಗೆ ಮರಳಿದ. ಆಗ ಇಲ್ಲಿ ಆಳುಪರ ಆಳ್ವಿಕೆ. ಕವಿ ಆಳುಪೇಂದ್ರನ ಕಾಲ. 1132ರ ಅಕ್ಟೋಬರ್ 17ರಂದು ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಮಂಗಳೂರಿನಲ್ಲೇ ಬರೆದದ್ದು, ಅದೂ ಉಳಿದಿದೆ. ಅವನು ಆಕೆಯನ್ನೇ ಮದುವೆಯಾದನೆಂದು ವಿದ್ವಾಂಸರು ತಿಳಿಯುತ್ತಾರೆ. ಅವನ ವ್ಯಾಪಾರದ ಕೆಲಸಕ್ಕೆ ಏಡನ್‌ವರೆಗೂ ಹೋಗಿಬರುತ್ತಿದ್ದ ಆಳಿನ ಹೆಸರನ್ನು ಅಮಿತಾವ್ ಘೋಷ್ ಬೊಮ್ಮ ಎಂದು ಓದಿದರು. 1992ರ ಅವರ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಪುಸ್ತಕದಿಂದ ಈ ಬೊಮ್ಮ ಕನ್ನಡ ಓದುಗರಿಗೂ ಪರಿಚಿತನಾದ. ಬೊಮ್ಮನ ಕಥೆಯನ್ನು ನಾವು ಕೇಳಿದ್ದೇವೆ. ಬೆನ್ ಯಿಜುವಿನ ಪಾತ್ರೆ ಪಡಗಗಳ ಕಥೆಯನ್ನು ಅಷ್ಟಾಗಿ ಕೇಳಿಲ್ಲ. ನನಗೆ ಮುಖ್ಯವೆನಿಸುವುದು ಅದೇ.

ಬೆನ್ ಯಿಜು ಮೆಣಸು, ಅಡಕೆ, ಏಲಕ್ಕಿ, ಕಬ್ಬಿಣಗಳನ್ನು ಕಳಿಸುತ್ತಿದ್ದ, ಜತೆಗೆ ಕಂಚಿನ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಅದು ಮಂಗಳೂರಿನಲ್ಲೇ ಇತ್ತೋ ಇನ್ನೂ ತೆಂಕಣ ಬಂದರೊಂದರಲ್ಲಿತ್ತೋ ಎಂಬ ಚರ್ಚೆ ಇದೆ. ಕೆಲಸದ ಕ್ರಮ ಮಾತ್ರ ಪತ್ರಗಳಲ್ಲಿ ಸ್ಪಷ್ಟವಾಗಿದೆ. ಏಡನ್‌ನ ವ್ಯಾಪಾರಿಗಳು ತಾಮ್ರ, ಸೀಸ, ತವರಗಳನ್ನು, ಒಡೆದ ತಂಬಿಗೆ ತಟ್ಟೆಗಳನ್ನು ತೂಕದ ಲೆಕ್ಕ ಬರೆದು ಕಳಿಸುತ್ತಾರೆ. ಇಲ್ಲಿನ ಕೆಲಸಗಾರರು ಅದನ್ನು ಕರಗಿಸಿ ಹೊಸ ಪಾತ್ರೆ ಮಾಡುತ್ತಾರೆ. ಆದ ಪಾತ್ರೆಯನ್ನು ಮತ್ತೆ ತೂಗಿ, ಮಜೂರಿ ಲೆಕ್ಕ ಹಾಕಿ, ಹಡಗಿಗೆ ಏರಿಸುತ್ತಾರೆ. ಯಾವ ಪಾತ್ರೆ, ಯಾವ ಆಕಾರ, ಎಷ್ಟು ತೂಕ ಎಂಬುದನ್ನೆಲ್ಲ ಗಿರಾಕಿಯೇ ಬರೆದು ತಿಳಿಸುತ್ತಾನೆ.

ಸ್ವಲ್ಪ ನಿಂತು ಯೋಚಿಸಬೇಕಾದ ವಿಷಯ ಇದು. ಏಡನ್‌ನಲ್ಲಾಗಲಿ ಈಜಿಪ್ಟಿನಲ್ಲಾಗಲಿ ಲೋಹದ ಕೆಲಸಗಾರರಿಗೆ ಬರವಿರಲಿಲ್ಲ. ಆದರೂ ಹಳೇ ಪಾತ್ರೆಯನ್ನು ಅರಬ್ಬೀ ಸಮುದ್ರ ದಾಟಿಸಿ ಇಲ್ಲಿಗೆ ಕಳಿಸಿ, ಮಳೆಗಾಲ ಕಳೆದು ಗಾಳಿ ತಿರುಗಿದ ಮೇಲೆ ಹೊಸ ಪಾತ್ರೆಯಾಗಿ ತರಿಸಿಕೊಳ್ಳುವುದು ಅವರಿಗೆ ಲಾಭದ್ದಾಗಿ ಕಂಡಿತ್ತು. ಕೂಲಿ ಕಡಿಮೆ ಎಂಬುದು ಒಂದು ಕಾರಣವಿದ್ದೀತು. ಸುರುಳಿ ಕಾಲು ಮಾಡಿಕೊಡಿ, ಚೆಂದ ಎಂದು ಕೇಳುವವನಿಗೆ ಕೂಲಿಯೊಂದೇ ಕಾರಣವಾಗಿರಲಾರದು. ಮಾಡುವವರ ಕೈಚಳಕದ ಮೇಲೆ ಅವನಿಗೆ ಭರವಸೆ ಇತ್ತು.

ಆ ಭರವಸೆಗೆ ಇಲ್ಲಿ ಆಧಾರವಿತ್ತು. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಹೋದವರು ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡಿರುತ್ತಾರೆ. ಸುಮಾರು ಐದು ಅಡಿ ಎತ್ತರ, ಮೂರು ಮುಖ, ಆರು ಕೈ. ಆಳುಪ ಅರಸ ಕುಂದವರ್ಮ ಅದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದನೆಂದು ಪೀಠದ ಸಂಸ್ಕೃತ ಶಾಸನ ಹೇಳುತ್ತದೆ. ಅದರ ಕಾಲವನ್ನು ಕ್ರಿ.ಶ. 968 ಎಂದು ಗಣಿಸುತ್ತಾರೆ. ದಕ್ಷಿಣ ಭಾರತದ ಅತಿ ಚೆಂದದ ಕಂಚಿನ ವಿಗ್ರಹಗಳಲ್ಲಿ ಒಂದು ಎಂದು ಬಲ್ಲವರು ಒಪ್ಪುತ್ತಾರೆ. ಅಷ್ಟು ದೊಡ್ಡ ವಿಗ್ರಹ ಒಂದೇ ಸಲಕ್ಕೆ ಯಾರ ಕೈಗೂ ಒಲಿಯುವುದಿಲ್ಲ. ಮೊದಲು ಮೇಣದಲ್ಲಿ ರೂಪ ತಿದ್ದಬೇಕು. ಅದರ ಮೇಲೆ ನುಣ್ಣನೆಯ ಮಣ್ಣು ಮೆತ್ತಿ, ಮೇಲೆ ಒರಟು ಮಣ್ಣು ಬಳಿದು ಒಣಗಿಸಬೇಕು. ಬಿಸಿ ಮಾಡಿ ಮೇಣ ಕರಗಿಸಿ ಹೊರಗೆ ಬಿಡಬೇಕು. ಆ ಟೊಳ್ಳಿನೊಳಗೆ ಕುದಿಯುವ ಲೋಹವನ್ನು ಎಲ್ಲೂ ಗಾಳಿ ನಿಲ್ಲದಂತೆ ಹೊಯ್ಯಬೇಕು. ಮಣ್ಣಿನಲ್ಲಿ ತೇವ ಉಳಿದರೆ, ಕಾವು ತಗ್ಗಿದರೆ ತಿಂಗಳುಗಟ್ಟಲೆ ಪಟ್ಟ ಶ್ರಮ ಹಾಳು. ಕದ್ರಿಯ ವಿಗ್ರಹದ ಹಿಂದೆ ತಲೆಮಾರುಗಳ ಅಭ್ಯಾಸವಿದೆ. ಬೆನ್ ಯಿಜು ಈ ಕರಾವಳಿಗೆ ಕಾಲಿಡುವ ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲೇ ಆ ವಿದ್ಯೆ ಇಲ್ಲಿ ಪಕ್ವವಾಗಿತ್ತು.

ಇನ್ನು ಲಗೇಜಿನ ಪಟ್ಟಿ. ಬೆನ್ ಯಿಜು ಕರಾವಳಿ ಬಿಟ್ಟು ಹೊರಡುವಾಗ ಹಡಗಿಗೆ ಏರಿಸಬೇಕಾದ ಸಾಮಾನುಗಳನ್ನು, ಕೈಗೆ ಸಿಕ್ಕ ಒಂದು ಹಳೇ ಪತ್ರದ ಬೆನ್ನಿಗೆ ಬರೆದುಕೊಂಡ. ಆಗ ನಮ್ಮಲ್ಲಿ ಬರೆಯುತ್ತಿದ್ದುದು ತಾಳೆಗರಿಯಲ್ಲಿ. ಕಾಗದ ಇಲ್ಲಿ ಸಿಗುತ್ತಿರಲಿಲ್ಲ, ಏಡನ್‌ನ ಗೆಳೆಯರು ಅದನ್ನು ಉಡುಗೊರೆಯಾಗಿ ಕಳಿಸುತ್ತಿದ್ದರು. ಹೀಗಾಗಿ ಬಂದ ಪತ್ರದ ಖಾಲಿ ಜಾಗವೆಲ್ಲ ಅವನ ಲೆಕ್ಕದ ಪುಸ್ತಕವಾಗುತ್ತಿತ್ತು. ಪಟ್ಟಿಯಲ್ಲಿ ಅಕ್ಕಿ, ಎಣ್ಣೆ, ಉಪ್ಪಿನಕಾಯಿ, ಗಾಜಿನ ಸಾಮಾನು, ಪಾತ್ರೆಗಳು, ಹಡಗಿನ ಮೇಲೆ ಸಂಸಾರಕ್ಕೆ ಮರೆಯಾದ ಜಾಗ ಮಾಡಿಕೊಳ್ಳಲು ಬೇಕಾದವು, ಹೀಗೆ ಸಾಲುಸಾಲಾಗಿ ಬರುತ್ತವೆ. ಮಾರಲು ಒಯ್ದ ಸರಕು ಬೇರೆ, ಬದುಕಲು ಒಯ್ದ ಸಾಮಾನು ಬೇರೆ. ಇದು ಎರಡನೆಯದರ ಪಟ್ಟಿ.

ಲ್ಯಾಂಬೋರ್ನ್ ಅವರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಹಿಂದಿನ ವಿದ್ವಾಂಸರು ಇಂಥ ಪಟ್ಟಿಯಲ್ಲಿ ಬೆಲೆಯನ್ನು, ಸರಕನ್ನು ಹುಡುಕಿದರು. ಆಕೆ ಮನೆಯನ್ನು ಹುಡುಕಿದರು. ಗೋಧಿ ತಿಂದು ಬೆಳೆದವನು ಅನ್ನದ ನಾಡಿನಲ್ಲಿ ಹೇಗೆ ಉಂಡ? ಅವನ ಧರ್ಮಕ್ಕೆ ಬೇಕಾದ ದ್ರಾಕ್ಷಾರಸ ಇಲ್ಲಿ ಸಿಗದಿದ್ದಾಗ ಏನು ಮಾಡಿಕೊಂಡ? ಮಡಕೆಯಲ್ಲಿ ಅಡುಗೆಯೋ ಲೋಹದ ಪಾತ್ರೆಯಲ್ಲೋ? ಸಮುದ್ರದ ಮೇಲೆ ವಾರಗಟ್ಟಲೆ ಇರುವಾಗ ಸಿಹಿನೀರು, ಹುಳಿ, ಉಪ್ಪು ಹೊಂದಿಸಿದ್ದು ಹೇಗೆ? ಒಂದು ಚೀಟಿಯಿಂದ ಇಷ್ಟನ್ನೆಲ್ಲ ಕೇಳಬಹುದು ಎಂದು ತೋರಿಸಿದ್ದು ದೊಡ್ಡ ವಿಷಯ. ಉಪ್ಪಿನಕಾಯಿಯ ಭರಣಿಯೂ ಇತಿಹಾಸದ ದಾಖಲೆ ಎಂಬುದನ್ನು ಆ ಪುಸ್ತಕ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಉದ್ಯೋಗಕ್ಕೆಂದು ದುಬೈ, ಮಸ್ಕತ್‌ಗಳಿಗೆ ಹೋಗುವ ನಮ್ಮ ಹುಡುಗರ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಮಾವಿನಮಿಡಿ ಏಕೆ ಇರುತ್ತದೆ ಎಂದು ಬಲ್ಲ ತಾಯಂದಿರಿಗೆ ಬೆನ್ ಯಿಜುವಿನ ಪಟ್ಟಿ ಕೂಡಲೇ ಅರ್ಥವಾಗುತ್ತದೆ.

ಇದಕ್ಕೂ ಉಡುಪಿ ಹತ್ತಿರದ ಕೆಮ್ಮಣ್ಣಿನಂಥ ಊರಿಗೂ ಏನು ಸಂಬಂಧ ಎಂದು ಕೇಳಬಹುದು. ಕೆಮ್ಮಣ್ಣಿನಿಂದ ಹೂಡೆ ದಾಟಿ ಕೋಡಿ ಬೆಂಗ್ರೆಯ ತುದಿಗೆ ಹೋದರೆ ಸ್ವರ್ಣಾ, ಸೀತಾ ನದಿಗಳು ಒಂದಾಗಿ ಕಡಲು ಸೇರುವ ಅಳಿವೆ ಕಾಣುತ್ತದೆ. ಆಚೆ ದಡದಲ್ಲಿ ಹಂಗಾರಕಟ್ಟೆ, ಅದರ ಒಳಗೆ ಆಳುಪರ ರಾಜಧಾನಿ ಬಾರ್ಕೂರು. ಅರಬ್ಬರು ಅದನ್ನು ಫಾಕನೂರು ಎಂದು ಕರೆದರು. 1342ರ ಸುಮಾರಿಗೆ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಅಲ್ಲಿಗೆ ಬಂದ. ಹಿನ್ನೀರಿನ ಮೇಲಿನ ದೊಡ್ಡ ಊರು, ಕಬ್ಬು ಹೇರಳ, ಬಾಸದೇವನೆಂಬ ಅರಸ, ಅವನ ಬಳಿ ಮೂವತ್ತು ಹಡಗು, ಅವುಗಳ ನಾಯಕ ಒಬ್ಬ ಮುಸಲ್ಮಾನ ಎಂದು ಬರೆದ. ಈ ದಾರಿಯಲ್ಲಿ ಹೋಗುವ ಹಡಗು ಇಲ್ಲಿ ಲಂಗರು ಹಾಕಿ ಅರಸನಿಗೆ ಬಂದರಿನ ಕಾಣಿಕೆ ಕೊಡಲೇಬೇಕೆಂಬ ಕಟ್ಟಳೆಯನ್ನೂ ದಾಖಲಿಸಿದ. ಕರಾವಳಿಯ ಶಾಸನಗಳಲ್ಲಿ ಇಲ್ಲಿನ ವ್ಯಾಪಾರಿಗಳಾದ ಸೆಟ್ಟಿಕಾರರ ಜತೆಗೆ ಬರುವ ಹಂಜಮಾನರು ಹೊರದೇಶದ ವ್ಯಾಪಾರಿಗಳ ಸಂಘದವರು. ಬೆನ್ ಯಿಜುವಿಗೆ ಏಡನ್‌ನಿಂದ ಬಂದ ಪತ್ರವೊಂದರಲ್ಲಿ ಮಂಗಳೂರಿನ ವ್ಯಾಪಾರಿಗಳ ಹೆಸರುಗಳಿದ್ದು, ಅದರಲ್ಲೊಂದು ಸೆಟ್ಟಿ ಎಂದು ಕೊನೆಯಾಗುತ್ತದೆ. ಕಲ್ಲಿನ ಮೇಲೆ ಓದಿದವರನ್ನೇ ಕಾಗದದ ಮೇಲೂ ಕಾಣುತ್ತೇವೆ.

ಕಲ್ಲು ಮತ್ತು ಕಾಗದ ಎರಡೂ ಬೇಕು ಎನ್ನುವುದಕ್ಕೆ ದೀಪವೇ ಒಳ್ಳೆಯ ಉದಾಹರಣೆ. ನಮ್ಮ ದೇವಸ್ಥಾನಗಳ ಶಾಸನಗಳಲ್ಲಿ ನಂದಾದೀಪಕ್ಕೆ ಬಿಟ್ಟ ದತ್ತಿಗಳು ಬೇಕಾದಷ್ಟಿವೆ. ಯಾರು ಕೊಟ್ಟರು, ಯಾವ ಗದ್ದೆಯ ಉತ್ಪನ್ನದಿಂದ, ಎಷ್ಟು ಎಣ್ಣೆಗೆ, ತಪ್ಪಿದವರಿಗೆ ಯಾವ ಪಾಪ ಎಲ್ಲ ಬರೆದಿರುತ್ತದೆ. ಆ ದೀಪ ಹೇಗಿತ್ತು ಎಂಬುದನ್ನು ಶಾಸನ ಹೇಳುವುದಿಲ್ಲ, ಅದನ್ನು ಹೇಳುವುದು ಶಾಸನದ ಕೆಲಸವೂ ಆಗಿರಲಿಲ್ಲ. ಎಂಟು ಮುಖದ ಕಂಬ, ಎರಡು ಬತ್ತಿಯ ಮೂತಿ, ಸುರುಳಿ ಕಾಲು ನಮಗೆ ಸಿಕ್ಕಿದ್ದು ಒಬ್ಬ ಪರದೇಶಿ ಗಿರಾಕಿಯ ಪತ್ರದಿಂದ.

ಹಾಗಾದರೆ ಆ ಕಾಲದ ಮನೆಬಳಕೆಯ ಪಾತ್ರೆ, ದೀಪಗಳು ನಮ್ಮಲ್ಲೇಕೆ ಉಳಿದಿಲ್ಲ? ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಹೊಯ್ಯುವ ನೆಲದಲ್ಲಿ ಬಟ್ಟೆ, ಗರಿ, ಮರ ಬೇಗ ಕುಂಬಾಗುತ್ತವೆ. ಲೋಹಕ್ಕೆ ಬೇರೆ ಕಾರಣ. ಕಂಚು ಎಂದೂ ಕಸವಾಗುವುದಿಲ್ಲ. ಒಡೆದರೆ, ಸವೆದರೆ ಕರಗಿಸಿ ಇನ್ನೊಂದು ಮಾಡುತ್ತಾರೆ. ಏಡನ್‌ನವರು ಕಳಿಸಿದ ಹಳೇ ಪಾತ್ರೆ ಇಲ್ಲಿ ದೀಪವಾದಂತೆ ಇಲ್ಲಿನ ಹಳೇ ದೀಪ ಮುಂದೆ ಹಂಡೆಯಾಗಿ, ಹಂಡೆ ಗಂಟೆಯಾಗಿ ಬದಲಾಗುತ್ತ ಬಂತು. ಬೆಂಗಳೂರಿನ ನಿಯಾಸ್ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ದಕ್ಷಿಣ ಭಾರತದ ಕಂಚಿನ ವಿಗ್ರಹಗಳ ಲೋಹವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅದರಲ್ಲಿರುವ ಸೀಸದ ಐಸೊಟೋಪುಗಳ ಪ್ರಮಾಣದಿಂದ ವಿಗ್ರಹಗಳ ಕಾಲ ಮತ್ತು ಗುಂಪುಗಳನ್ನು ಗುರುತಿಸುವ ದಾರಿ ತೋರಿಸಿದ್ದಾರೆ. ಆದರೆ ಹತ್ತು ಪಾತ್ರೆ ಕೂಡಿಸಿ ಕರಗಿಸಿದ ಲೋಹದಲ್ಲಿ ಹತ್ತು ಗಣಿಗಳ ಗುರುತು ಬೆರೆತುಹೋಗಿರುತ್ತದೆ. ಒಮ್ಮೆ ಮೂಸೆಗೆ ಬಿದ್ದ ಮೇಲೆ ಆ ವಸ್ತುವಿನ ಆಕಾರವಂತೂ ಹೋಯಿತು, ಚರಿತ್ರೆಯೂ ಹೋದಂತೆಯೇ.

ಕರಗಿಸಿದವರನ್ನು ನಾನು ದೂರುವುದಿಲ್ಲ. ಹಳತು ಜೀರ್ಣವಾದಾಗ ಹೊಸತು ಮಾಡುವುದು ನಮ್ಮ ನಾಡಿನ ಕ್ರಮ. ದೈವಸ್ಥಾನದ ಮರದ ಮೂರ್ತಿ ಹಳತಾದರೆ ಹೊಸದು ಬರುತ್ತದೆ. ಬಾರ್ಕೂರಿನಿಂದ ದೂರವಿಲ್ಲದ ಮೆಕ್ಕೆಕಟ್ಟಿನ ಹಳೆಯ ಮರದ ಮೂರ್ತಿಗಳಲ್ಲಿ ಹಲವು ಇಂದು ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿವೆ. ಊರಿನಲ್ಲಿ ಹೊಸ ಮೂರ್ತಿಗಳಿಗೆ ಪೂಜೆ ನಡೆಯುತ್ತದೆ. ಪೂಜೆಗೆ ಅದು ಸರಿ. ಜೀರ್ಣೋದ್ಧಾರ, ಬ್ರಹ್ಮಕಲಶಗಳ ಸಂಭ್ರಮ ಈಗ ಜಿಲ್ಲೆಯ ಮೂಲೆ ಮೂಲೆಯಲ್ಲೂ ಕಾಣುತ್ತದೆ, ಭಕ್ತರ ಕೈಯೂ ಧಾರಾಳವಾಗಿದೆ. ನನ್ನ ಸಂಕಟ ಇಷ್ಟೇ: ಹಳೆಯದನ್ನು ತೆಗೆಯುವ ಮೊದಲು ಅದು ಹೇಗಿತ್ತು ಎಂದು ಬರೆದಿಡುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ತೂಗುದೀಪ, ಹರಿವಾಣ, ಗಿಂಡಿ, ಗಂಟೆ, ದೈವದ ಮೊಗ ಇವೆಲ್ಲ ತೂಕದ ಲೆಕ್ಕದಲ್ಲಿ ಹೋಗುತ್ತವೆ. ಏಡನ್‌ನ ವ್ಯಾಪಾರಿಯೂ ತೂಕದ ಲೆಕ್ಕದಲ್ಲೇ ಕಳಿಸಿದ, ಜತೆಗೆ ಒಂದು ಪತ್ರ ಬರೆದ. ಆ ಪತ್ರ ಇಲ್ಲದಿದ್ದರೆ ಇಂದು ನಮಗೆ ಆ ದೀಪವೂ ಇಲ್ಲ.

ಬರೆದಿಟ್ಟವರು ನಮ್ಮ ನಡುವೆಯೇ ಇದ್ದರು. ಕೆಮ್ಮಣ್ಣಿಗೆ ಹತ್ತಿರದ ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಾದೂರು ಗುರುರಾಜ ಭಟ್ಟರು ತುಳುನಾಡಿನ ದೇವಸ್ಥಾನ, ಬಸದಿ, ದೈವಸ್ಥಾನಗಳನ್ನು ಸುತ್ತಿ, ವಿಗ್ರಹಗಳ ಚಿತ್ರ ತೆಗೆದು, ಶೈಲಿಯ ಮೇಲೆ ಕಾಲ ನಿರ್ಣಯಿಸಿ 1975ರಲ್ಲಿ ‘ಸ್ಟಡೀಸ್ ಇನ್ ತುಳುವ ಹಿಸ್ಟರಿ ಆ್ಯಂಡ್ ಕಲ್ಚರ್’ ಎಂಬ ದೊಡ್ಡ ಗ್ರಂಥ ಪ್ರಕಟಿಸಿದರು. ಅವರು ಕಂಡು ಬರೆದದ್ದರಿಂದಲೇ ಆಮೇಲೆ ಬಂದವರು ಕೆಲಸ ಮುಂದುವರಿಸಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೇ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರು. ಅವುಗಳ ಜತೆಗೆ ಮನೆಯ ಸಾಮಾನೂ ಉಳಿಯಿತು. ಒಬ್ಬರು ಪುಸ್ತಕದಲ್ಲಿ, ಒಬ್ಬರು ಬಯಲಿನಲ್ಲಿ ಮಾಡಿದ ಈ ಕೆಲಸಕ್ಕೆ ಮೂರನೆಯ ಕೈ ಬೇಕಾಗಿದೆ. ಅದು ಮನೆಮನೆಯವರ ಕೈ.

ಹೇಗೆ ಎಂಬುದು ಕಷ್ಟದ ವಿಷಯವೇನಲ್ಲ. ಹಳೇ ಕಂಚು, ಹಿತ್ತಾಳೆ, ತಾಮ್ರದ ಸಾಮಾನನ್ನು ಮಾರುವ ಅಥವಾ ಕರಗಿಸಲು ಕೊಡುವ ಮೊದಲು ಮುಂದಿನಿಂದ, ಹಿಂದಿನಿಂದ, ತಳದಿಂದ ಫೋಟೋ ತೆಗೆಯಿರಿ; ಪಕ್ಕದಲ್ಲಿ ಒಂದು ಅಡಿಕೋಲು ಇಡಿ. ತೂಕ ಬರೆಯಿರಿ. ತಳದಲ್ಲಿ, ಅಂಚಿನಲ್ಲಿ ಕೊರೆದ ಅಕ್ಷರವೋ ಗುರುತೋ ಇದ್ದರೆ ಉಜ್ಜಿ ಅಳಿಸಬೇಡಿ, ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಯಾರ ಮನೆಯಿಂದ ಬಂತು, ಯಾರು ಮಾಡಿದ್ದು, ಯಾವುದಕ್ಕೆ ಬಳಸುತ್ತಿದ್ದರು ಎಂದು ಹಿರಿಯರನ್ನು ಕೇಳಿ ಹೆಸರು ಸಮೇತ ಬರೆದಿಡಿ. ಅಟ್ಟದ ಮೇಲಿನ ಲೆಕ್ಕದ ಪುಸ್ತಕ, ತಾಳೆಗರಿಯ ಕಟ್ಟುಗಳನ್ನು ಓದಲು ಬರುವುದಿಲ್ಲವೆಂದು ಒಲೆಗೆ ಹಾಕಬೇಡಿ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಸಂಸ್ಥೆಗಳಲ್ಲಿ ಕೇಳಿ ನೋಡಿ. ದೇವಸ್ಥಾನದ ಆಡಳಿತ ಮಂಡಳಿಯವರು ಜೀರ್ಣೋದ್ಧಾರದ ಅಂದಾಜುಪಟ್ಟಿಯಲ್ಲೇ ಹಳೇ ವಸ್ತುಗಳ ದಾಖಲಾತಿಗೆಂದು ಒಂದು ಬಾಬ್ತು ಸೇರಿಸಿದರೆ ಖರ್ಚು ದೊಡ್ಡದಾಗುವುದಿಲ್ಲ.

ಕಾನೂನಿನ ಭಯದಿಂದ ವಸ್ತುಗಳನ್ನು ಬಚ್ಚಿಡುವವರೂ ಇದ್ದಾರೆ. ಪಿತ್ರಾರ್ಜಿತವಾಗಿ ಬಂದ ಹಳೇ ಸಾಮಾನು ಮನೆಯಲ್ಲಿರುವುದು ಅಪರಾಧವಲ್ಲ. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ಕಲಾವಸ್ತು, ಎಪ್ಪತ್ತೈದು ವರ್ಷಕ್ಕಿಂತ ಹಳೆಯ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳೆನಿಸುತ್ತವೆ. ಅವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ವಿಗ್ರಹ, ಶಿಲ್ಪಗಳಂಥ ಕೆಲವು ಬಗೆಯವನ್ನು ನೋಂದಾಯಿಸಬೇಕಾಗುತ್ತದೆ. ಬಾವಿ ತೋಡುವಾಗ, ಅಡಿಪಾಯ ಅಗೆಯುವಾಗ ನಿಧಿ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಚೂರು ಮಡಕೆ ಸಿಕ್ಕರೂ ಎಸೆಯದೆ ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರಿಗೆ ತೋರಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಕೇಂಬ್ರಿಜ್‌ನಲ್ಲಿರುವ ಗೆನಿಜಾ ಪತ್ರಗಳ ಚಿತ್ರಗಳನ್ನು ಇಂದು ಯಾರು ಬೇಕಾದರೂ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಅವನ್ನು ಅರಬ್ಬೀ, ಹೀಬ್ರೂ ಬಲ್ಲವರು ಓದಿದ್ದಾರೆ. ಅವುಗಳೊಳಗಿನ ತುಳುನಾಡನ್ನು ಗುರುತಿಸಲು ಆಳುಪರ ಶಾಸನ ಬಲ್ಲವರು, ಎರಕದ ಕೆಲಸ ಬಲ್ಲವರು, ನಮ್ಮ ಅಡುಗೆಮನೆಯ ಪಾತ್ರೆಗಳ ಹೆಸರು ಬಲ್ಲವರು ಬೇಕು. ಆ ತಿಳಿವಳಿಕೆ ಕೇಂಬ್ರಿಜ್‌ನಲ್ಲಿಲ್ಲ, ಇಲ್ಲಿದೆ. ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಈ ವರ್ಷ ವಿದ್ಯಾರ್ಥಿಗಳಿಗೆ ಕೊಡುವ ಪ್ರಬಂಧಗಳಲ್ಲಿ ಒಂದನ್ನಾದರೂ ತಮ್ಮ ಊರಿನ ಹಳೇ ಲೋಹದ ಸಾಮಾನಿನ ಸಮೀಕ್ಷೆಗೆ ಮೀಸಲಿಡಲಿ. ಓದುಗರು ತಮ್ಮ ಮನೆಯ ಒಂದು ವಸ್ತುವಿನಿಂದ ಇಂದೇ ಶುರು ಮಾಡಲಿ.